ಫ್ಲ್ಯಾಟಿನೊಳಗೆ ಸ್ಕ್ರೋಲ್ ಸಾ: ಧೂಳು ಹಿಡಿಯಲು ನೋಡಿದ ನಾಲ್ಕು ದಾರಿ, ಉಳಿಸಿಕೊಂಡ ಒಂದು

ಮನೆ ಸ್ವಚ್ಛಕ್ಕೆ ಅಂತ ತಂದಿದ್ದ ವ್ಯಾಕ್ಯೂಮ್ ಕ್ಲೀನರ್ ನನ್ನ ಸ್ಕ್ರೋಲ್ ಸಾ ಪಕ್ಕದಲ್ಲಿ ಮೂರು ತಿಂಗಳೂ ಬಾಳಲಿಲ್ಲ. ಸ್ಕ್ರೋಲ್ ಸಾ ಅಂದರೆ ತೆಳು ಬ್ಲೇಡು ಮೇಲೆ ಕೆಳಗೆ ಆಡುತ್ತಾ ಮರದಲ್ಲಿ ತಿರುವುಗಳನ್ನು ಕೊಯ್ಯುವ ಕರೆಂಟ್ ಗರಗಸ. ಒಂದು ಭಾನುವಾರ ಬೆಳಿಗ್ಗೆ ಸುಟ್ಟ ವಾಸನೆ ಬಂತು, ಆಮೇಲೆ ಹೊಗೆ. ನಾಲ್ಕೂವರೆ ಸಾವಿರ ಹೋಯಿತು. ಅದಾದ ಮೇಲೆ ತಂದಿದ್ದು ನೀರು, ಧೂಳು ಎರಡನ್ನೂ ಎಳೆಯುವ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್. ಅದರ ಮುಂದೆ ಪೇಂಟ್ ಬಕೆಟ್ ಮೇಲೆ ಕೂರಿಸಿದ ಸೈಕ್ಲೋನ್, ಅಂದರೆ ಗಾಳಿಯಿಂದ ಪುಡಿ ಬೇರ್ಪಡಿಸುವ ಕೋನು. ಒಂದೂವರೆ ವರ್ಷವಾಯಿತು, ಇವತ್ತಿಗೂ ಅದೇ ಓಡುತ್ತಿದೆ. ಫ್ಲ್ಯಾಟಿನೊಳಗೆ ಮರ ಕೊಯ್ಯುವವರು ಯಾರೇ ಕೇಳಿದರೂ ಇದನ್ನೇ ತಗೊಳ್ಳಿ ಅನ್ನುತ್ತೇನೆ.

ನಾನು ಕೊಯ್ಯುವುದು ಜಾಸ್ತಿ ಕನ್ನಡ ಅಕ್ಷರದ ಮನೆ ಬೋರ್ಡುಗಳು. 6 ಮಿ.ಮೀ. ಪ್ಲೈವುಡ್, ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ), ಸಿಕ್ಕಿದರೆ ತೇಗದ ತುಂಡು. ನಮ್ಮ ಅಕ್ಷರ ದುಂಡು, ತಿರುವು ಜಾಸ್ತಿ. ‘ರ’ದ ಹೊಟ್ಟೆಯ ಹಾಗೆ ಮುಚ್ಚಿದ ಜಾಗ ಬಂದಾಗಲೆಲ್ಲ ಡ್ರಿಲ್ ಮಾಡಿ, ಬ್ಲೇಡ್ ಬಿಚ್ಚಿ, ತೂತಿನಲ್ಲಿ ಪೋಣಿಸಿ ಮತ್ತೆ ಕಟ್ಟಬೇಕು. ನಿಧಾನದ ಕೆಲಸ, ಸಣ್ಣ ಹಲ್ಲಿನ ಬ್ಲೇಡ್. ಕೈಗರಗಸದ ಹೊಟ್ಟು ರವೆಯ ಹಾಗಿದ್ದರೆ ಇದರದ್ದು ಮೈದಾ ಹಾಗೆ. ಕೆಳಗೆ ಬೀಳುವುದು ಸ್ವಲ್ಪ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವುದು ಇನ್ನಷ್ಟು.

ಪಕ್ಕದ ರೂಮಿನಲ್ಲಿ ಅಮ್ಮ ಮಲಗುತ್ತಾರೆ. ‘ಏನೋ ಇದು, ಔಷಧಿ ಡಬ್ಬಿ ಮೇಲೆಲ್ಲ ಹಿಟ್ಟು ಉದುರಿದ ಹಾಗಿದೆ’ ಅಂತ ಅವರು ಕೇಳಿದ ದಿನವೇ ನಾನು ಈ ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟೂ ಸೇರಿರುತ್ತದೆ. ಬೀಟೆ ಮರದ ಪುಡಿ ಕೆಲವರಿಗೆ ಮೈಗೆ ತಾಕಿದರೂ ಸಾಕು, ಕಡಿತ ಶುರುವಾಗುತ್ತದೆ.

ಪರೀಕ್ಷೆಗೆ ನಾನು ಬಳಸಿದ್ದು ಮಗಳ ಹಳೆಯ ಸ್ಲೇಟು. ಅಮ್ಮನ ಮಂಚದ ಪಕ್ಕ ಸ್ಟೂಲಿನ ಮೇಲೆ ಇಡುವುದು, ಎರಡು ಗಂಟೆ ಕೊಯ್ಯುವುದು, ಆಮೇಲೆ ಸ್ಲೇಟಿನ ಮೇಲೆ ಬೆರಳೆಳೆದು ನೋಡುವುದು. ಕಪ್ಪು ಸ್ಲೇಟಿನಲ್ಲಿ ಗೆರೆ ಕಂಡರೆ ಧೂಳು ಅಲ್ಲಿವರೆಗೂ ಬಂದಿದೆ ಅಂತ ಅರ್ಥ.

ಮೊದಲು ಮಾಡಿದ್ದು ಬಾಲ್ಕನಿಯಲ್ಲಿ. ಖರ್ಚಿಲ್ಲ, ಸ್ಲೇಟು ಹೆಚ್ಚುಕಡಿಮೆ ಸ್ವಚ್ಛ. ಆದರೆ ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ. ಜೂನ್ ಬಂತೆಂದರೆ ಮಳೆಗಾಳಿ ನೇರ ಒಳಗೆ ನುಗ್ಗುತ್ತದೆ, ಧೂಳೂ ಅದರ ಜೊತೆಗೇ ಹಾಲಿಗೆ. ಬೇಸಿಗೆಯಲ್ಲಿ ಕೆಳಗಿನ ಮನೆಯವರು ಮೇಲೆ ಬಂದು ‘ಸರ್, ಒಣಗಿದ ಬಟ್ಟೆ ಮತ್ತೆ ಒಗೆಯೋ ಹಾಗಾಯ್ತು’ ಅಂದರು. ಅವರು ಹೇಳಿದ್ದು ನ್ಯಾಯ. ಅವತ್ತೇ ನಿಲ್ಲಿಸಿದೆ. ಸ್ವಂತ ಅಂಗಳ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆಮೇಲೆ ಮನೆ ವ್ಯಾಕ್ಯೂಮ್. ಗರಗಸದ ಟೇಬಲ್ ಕೆಳಗೆ ಪೈಪ್ ಕಟ್ಟಿದ ಮೊದಲ ದಿನ ಖುಷಿಯಾಯಿತು, ಎಳೆತ ಅಷ್ಟು ಜೋರಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಟ್ಟೆ ಚೀಲದ ರಂಧ್ರಗಳೆಲ್ಲ ಮೈದಾ ಹಿಡಿದು ಮುಚ್ಚಿಕೊಂಡವು. ಚೀಲ ತಾಳಿಕೊಂಡ ಹೊತ್ತಿನಲ್ಲೂ ತೀರಾ ಸಣ್ಣ ಪುಡಿ ಹಿಂದಿನಿಂದ ಹೊರಗೆ ಬರುತ್ತಿತ್ತು. ಸ್ಲೇಟಿನ ಮೇಲೆ ಅತಿ ದಪ್ಪ ಗೆರೆ ಕಂಡಿದ್ದು ಈ ಮಷೀನಿನಲ್ಲೇ. ಅದು ಯಾಕೆ ಸುಟ್ಟಿತು ಅಂತ ಆಮೇಲೆ ರಿಪೇರಿಯವರು ಬಿಚ್ಚಿ ತೋರಿಸಿದರು. ಇಂಥ ಮಷೀನಿನಲ್ಲಿ ಮೋಟರ್ ತಣ್ಣಗಾಗುವುದು ಎಳೆದ ಗಾಳಿಯಿಂದಲೇ. ಚೀಲ ಕಟ್ಟಿಕೊಂಡರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಮೋಟರ್ ಕಾಯುತ್ತದೆ. ವೆಟ್ ಅಂಡ್ ಡ್ರೈ ಮಷೀನುಗಳಲ್ಲಿ ಸಾಮಾನ್ಯವಾಗಿ ಮೋಟರಿಗೆ ಬೇರೆ ಗಾಳಿದಾರಿ ಇರುತ್ತದೆ. ಕೊಳ್ಳುವ ಮುಂಚೆ ಯಾರಾದರೂ ಇದೊಂದು ಮಾತು ಹೇಳಿದ್ದರೆ ದುಡ್ಡು ಉಳಿಯುತ್ತಿತ್ತು.

ಮೂರನೆಯದು ಎಕ್ಸಾಸ್ಟ್ ಫ್ಯಾನ್ ಪೆಟ್ಟಿಗೆ. 12 ಇಂಚಿನ ಫ್ಯಾನ್, ಹಿಂದೆ ಪ್ಲೈವುಡ್ ಪೆಟ್ಟಿಗೆ, ಮುಂದೆ ಫಿಲ್ಟರ್ ಶೀಟ್. ಎಲ್ಲ ಸೇರಿ ಎರಡು ಸಾವಿರದ ಇನ್ನೂರು ರೂಪಾಯಿ. ಇದರ ಮೇಲೆ ನನಗೆ ಪ್ರೀತಿ ಇದೆ. ಸದ್ದಿಲ್ಲ, ರಾತ್ರಿ ಹತ್ತಕ್ಕೂ ಓಡಿಸಬಹುದು. ಆದರೆ ಫ್ಯಾನ್ ಗಾಳಿಯನ್ನು ಸರಿಸುತ್ತದೆಯೇ ಹೊರತು ಜೋರಾಗಿ ಎಳೆಯುವುದಿಲ್ಲ. ಬ್ಲೇಡಿನಿಂದ ಒಂದು ಗೇಣಿನೊಳಗೆ ಇಟ್ಟರೆ ಕೆಲಸ ಮಾಡುತ್ತದೆ, ಅದಕ್ಕಿಂತ ದೂರವಾದರೆ ಪುಡಿ ಮೊದಲು ನನ್ನ ಮುಖಕ್ಕೆ, ಆಮೇಲೆ ಫಿಲ್ಟರಿಗೆ. ಒಂದು ಗೇಣಿನೊಳಗೆ ಇಟ್ಟರೆ ಎರಡಡಿಯ ಹಲಗೆ ತಿರುಗಿಸಲು ಜಾಗ ಇಲ್ಲ. ಧೂಳನ್ನು ಹುಟ್ಟಿದ ಜಾಗದಲ್ಲೇ ಹಿಡಿಯಬೇಕು, ಗಾಳಿಗೆ ಸೇರಿದ ಮೇಲೆ ಅಟ್ಟಿಸಿಕೊಂಡು ಹೋಗುವುದು ಕಷ್ಟ ಅಂತ ನನಗೆ ಗಟ್ಟಿಯಾಗಿದ್ದು ಈ ಪೆಟ್ಟಿಗೆಯಿಂದ.

ಏರ್ ಪ್ಯೂರಿಫೈಯರ್ ನಂಬಿ ಕೊಯ್ಯಬೇಡಿ. ಕೆಲಸ ಮುಗಿದ ಮೇಲೆ ಉಳಿದ ತೇಲುಪುಡಿಗೆ ಒಳ್ಳೆಯದು, ಅಷ್ಟೇ.

ಈಗ ಬಕೆಟ್ ಸೈಕ್ಲೋನ್. ಲಾಳಿಕೆ ಆಕಾರದ ಪ್ಲಾಸ್ಟಿಕ್ ಕೋನಿನೊಳಗೆ ಗಾಳಿ ಸುತ್ತುತ್ತದೆ, ಪುಡಿ ಗೋಡೆಗೆ ಒತ್ತಿಕೊಂಡು ಕೆಳಗಿನ ಬಕೆಟ್ಟಿಗೆ ಇಳಿಯುತ್ತದೆ, ಗಾಳಿ ಮಾತ್ರ ವ್ಯಾಕ್ಯೂಮಿಗೆ ಹೋಗುತ್ತದೆ. ಹಾಗಾಗಿ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಆರು ತಿಂಗಳಲ್ಲಿ ಬಕೆಟ್ ಎರಡು ಸಲ ಖಾಲಿ ಮಾಡಿದ್ದೆ. ಆಮೇಲೆ ವ್ಯಾಕ್ಯೂಮ್ ತೊಟ್ಟಿ ತೆಗೆದು ನೋಡಿದರೆ ನಾಲ್ಕೈದು ಚಮಚ ಪುಡಿ ಇತ್ತು.

ಎರಡು ವಾರ ನನ್ನನ್ನು ಕಾಡಿದ್ದು ಮಷೀನಲ್ಲ, ಪೈಪಿನ ಅಳತೆ. ಗರಗಸದ ಕೆಳಗಿನ ಧೂಳಿನ ಮೂತಿಯನ್ನು ಸ್ಕೇಲಿನಲ್ಲಿ ಅಳೆದೆ. ಹೊರಗಿನ ಅಳತೆ ಒಂದೂಕಾಲು ಇಂಚು, ಅಂದರೆ 32 ಮಿ.ಮೀ. ಹತ್ತಿರ. ವ್ಯಾಕ್ಯೂಮ್ ಪೈಪಿನ ತುದಿಯ ಒಳ ಅಳತೆ 35. ಸುತ್ತ ಒಂದೂವರೆ ಮಿಲಿಮೀಟರ್ ಸಂದು. ಅಷ್ಟೇ ತಾನೇ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿದರೆ ಆ ಸಂದಿನ ಒಟ್ಟು ಬಾಯಿ ಮೂತಿಯ ಬಾಯಿಯ ಐದರಲ್ಲೊಂದು ಪಾಲಿನಷ್ಟಾಗುತ್ತದೆ. ಬ್ಲೇಡಿನ ಹತ್ತಿರ ಎಳೆಯಬೇಕಾದ ಗಾಳಿ ಸುಮ್ನೆ ಸಂದಿನಿಂದ ಬಂದುಬಿಡುತ್ತದೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದೂಕಾಲು ಇಂಚಿನ ಪಿವಿಸಿ ಕಪ್ಲರ್ ಕೊಡಿ’ ಅಂದೆ. ಕಪ್ಲರ್ ಅಂದರೆ ಎರಡು ಪೈಪು ಜೋಡಿಸುವ ಸಣ್ಣ ಕೊಳವೆ. ಕೊಟ್ಟರು. ಮನೆಗೆ ತಂದು ಹಾಕಿದರೆ ಮೂತಿಯಲ್ಲಿ ಲೊಡಲೊಡ ಅಲ್ಲಾಡಿತು. ಬದಲಾಯಿಸಲು ಹೋದಾಗ ಅಂಗಡಿಯ ಹುಡುಗ ತೋರಿಸಿದ. ನೀರಿನ ಪಿವಿಸಿ ಪೈಪಿನ ಮೇಲೆ ಅಚ್ಚಾಗಿರುವುದು ಮಿಲಿಮೀಟರ್, ಅದೂ ಹೊರಗಿನ ಅಳತೆ. ಬಾಯಲ್ಲಿ ಹೇಳುವುದು ಇಂಚು. 32 ಮಿ.ಮೀ. ಪೈಪಿಗೆ ‘ಒಂದಿಂಚು’, 40ಕ್ಕೆ ‘ಒಂದೂಕಾಲು’, 50ಕ್ಕೆ ‘ಒಂದೂವರೆ’. ನನಗೆ ಬೇಕಿದ್ದದ್ದು 32, ಕೇಳಿದ್ದು 40. ಅಳತೆಯನ್ನು ಮಿಲಿಮೀಟರಿನಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ, ಸಾಧ್ಯವಾದರೆ ವ್ಯಾಕ್ಯೂಮ್ ಪೈಪನ್ನೇ ಚೀಲದಲ್ಲಿ ತಗೊಂಡು ಹೋಗಿ.

ಕೊನೆಗೆ ಕೂತಿದ್ದು ಹೀಗೆ. ಮೂತಿಗೆ 32ರ ಕಪ್ಲರ್. ಕಪ್ಲರಿನ ಇನ್ನೊಂದು ಕಡೆ ಮೂರಿಂಚು ಉದ್ದದ 32ರ ಪೈಪ್ ತುಂಡು. ಆ ತುಂಡಿಗೆ ಹಳೆ ಸೈಕಲ್ ಟ್ಯೂಬನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಮೇಲೆ ವ್ಯಾಕ್ಯೂಮ್ ಪೈಪ್ ತುರುಕಿ, ಹೋಸ್ ಕ್ಲಿಪ್ ಹಾಕಿದೆ. ಅಂಟು ಹಾಕಲಿಲ್ಲ, ಬಿಚ್ಚಿ ಒರೆಸಬೇಕಲ್ಲ. ಟ್ಯೂಬಿಗೆ ಕೊಟ್ಟಿದ್ದು ಏನೂ ಇಲ್ಲ, ಪಂಕ್ಚರ್ ಅಂಗಡಿಯವರು ಸುಮ್ನೆ ಕೊಟ್ಟರು.

ಅಷ್ಟಾದರೂ ಸ್ಲೇಟಿನ ಮೇಲೆ ತೆಳು ಗೆರೆ ಬರುತ್ತಲೇ ಇತ್ತು. ಅದಕ್ಕೆ ಕಾರಣ ಟೇಬಲ್ ಮೇಲಿನ ಧೂಳು. ಬ್ಲೇಡಿನ ಹಲ್ಲು ಕೆಳಮುಖ, ಹಾಗಾಗಿ ಜಾಸ್ತಿ ಪುಡಿ ಕೆಳಗೇ ಹೋಗುತ್ತದೆ. ಆದರೆ ಅಡಿಭಾಗ ಸಿಬಿರು ಏಳದಿರಲಿ ಅಂತ ನಾನು ಬಳಸುವುದು ರಿವರ್ಸ್ ಟೂತ್ ಬ್ಲೇಡ್. ಅದರ ಕೆಳತುದಿಯ ಕೆಲವು ಹಲ್ಲು ಮೇಲ್ಮುಖ, ಅವು ಪುಡಿಯನ್ನು ಮೇಲಕ್ಕೂ ಎತ್ತುತ್ತವೆ. ಅದರ ಮೇಲೆ, ಹಲಗೆಯಲ್ಲಿ ಕೊಯ್ಯಬೇಕಾದ ಗೆರೆ ಕಾಣಲಿ ಅಂತ ಗರಗಸದಲ್ಲೇ ಇರುವ ಊದುಕೊಳವೆ ಆ ಪುಡಿಯನ್ನು ರೂಮಿಗೆಲ್ಲ ಊದುತ್ತದೆ. ನಾನು ಆ ಕೊಳವೆಗೆ ಕ್ಲಿಪ್ ಹಾಕಿ ಮುಚ್ಚಿದೆ. ಪೈಪಿಗೆ ಇಂಗ್ಲಿಷ್ Y ಆಕಾರದ ಕವಲು ತುಂಡೊಂದನ್ನು ಜೋಡಿಸಿ, ಸಣ್ಣ ಕವಲನ್ನು ಬ್ಲೇಡಿನ ಹಿಂದೆ ಹಲಗೆಯ ಮಟ್ಟಕ್ಕೆ ತಂದೆ. ಈಗ ಕೊಯ್ಯುವ ಗೆರೆಯೂ ಕಾಣುತ್ತದೆ, ಪುಡಿಯೂ ಹೋಗುತ್ತದೆ. ಆ ರಾತ್ರಿ ಮೊದಲ ಸಲ ಸ್ಲೇಟಿನ ಮೇಲೆ ಬೆರಳೆಳೆದರೆ ಗೆರೆ ಬರಲಿಲ್ಲ. ಅಮ್ಮನಿಗೆ ತೋರಿಸಿದೆ.

ಬಕೆಟ್ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ತೇಗದ ಚೂರು ಪೈಪಿನಲ್ಲಿ ಸಿಕ್ಕಿಕೊಂಡಾಗ 20 ಲೀಟರ್ ಬಕೆಟ್ ಡಬ್ ಅಂತ ಒಳಕ್ಕೆ ಕುಗ್ಗಿತು. ಒಳಗೆ ಪ್ಲೈವುಡ್ ಬಳೆಯೊಂದನ್ನು ಕೊಯ್ದು ಕೂರಿಸಿದ ಮೇಲೆ ಆ ತೊಂದರೆ ಇಲ್ಲ.

ಕರೆಂಟ್ ವಿಷಯಕ್ಕೆ ಬಂದರೆ, ನನ್ನ ವ್ಯಾಕ್ಯೂಮ್ 1200 ವ್ಯಾಟ್. 230 ವೋಲ್ಟಿಗೆ ಐದು ಆಂಪಿಯರ್ ದಾಟುತ್ತದೆ, ಗರಗಸ ಸೇರಿದರೆ ಇನ್ನೂ ಅರ್ಧ ಆಂಪಿಯರ್. 6 ಆಂಪಿಯರ್ ಸಾಕೆಟ್ಟಿಗೆ ಹಾಕಬೇಡಿ, 16 ಆಂಪಿಯರ್ ಪಾಯಿಂಟಿನಿಂದಲೇ ತೆಗೆದುಕೊಳ್ಳಿ.

ಸದ್ದು ಇದರ ದೊಡ್ಡ ದೋಷ. ರಾತ್ರಿ ಎಂಟೂವರೆಗೆ ನಾನು ನಿಲ್ಲಿಸಿಬಿಡುತ್ತೇನೆ. ಮಾಸ್ಕ್ ಯಾವ ದಾರಿಯಲ್ಲೂ ತಪ್ಪುವುದಿಲ್ಲ, ಎನ್95 ಹಾಕಿಯೇ ಕೂರುತ್ತೇನೆ. ಸೀಲಿಂಗ್ ಫ್ಯಾನ್ ಏಪ್ರಿಲ್‌ನಲ್ಲೂ ಆಫ್.

ಒಟ್ಟು ಖರ್ಚು: ವ್ಯಾಕ್ಯೂಮ್ ಏಳು ಸಾವಿರದ ಇನ್ನೂರು, ಸೈಕ್ಲೋನ್ ಸಾವಿರದ ಒಂಬೈನೂರು, ಪೈಪು ಕ್ಲಿಪ್ಪು ಮುನ್ನೂರು. ಬಕೆಟ್ಟನ್ನು ಪೇಂಟರ್ ಬಿಟ್ಟು ಹೋಗಿದ್ದರು. ವಾರಕ್ಕೆ ಮೂರು ಸಂಜೆ ಮತ್ತು ಭಾನುವಾರ ಕೂರುವ ನನಗೆ ಇದು ಸರಿಯಾದ ದುಡ್ಡು. ತಿಂಗಳಿಗೆ ಒಂದು ಸಣ್ಣ ತುಂಡು ಕೊಯ್ಯುವವರಿಗೆ, ಅಥವಾ ಆಫೀಸ್ ಮುಗಿಸಿ ರಾತ್ರಿ ಒಂಬತ್ತರ ಮೇಲಷ್ಟೇ ಬಿಡುವಾಗುವವರಿಗೆ ಎಕ್ಸಾಸ್ಟ್ ಪೆಟ್ಟಿಗೆಯೇ ಸಾಕು, ಹಲಗೆ ಮಾತ್ರ ಒಂದಡಿ ದಾಟದಿರಲಿ. ಮನೆ ವ್ಯಾಕ್ಯೂಮನ್ನು ಮಾತ್ರ ಯಾರೂ ಗರಗಸಕ್ಕೆ ಕಟ್ಟಬೇಡಿ.

ಬಕೆಟ್ ಖಾಲಿ ಮಾಡುವಾಗಲೂ ಮಾಸ್ಕ್ ತೆಗೆಯಬೇಡಿ. ನಾನು ಬಾಲ್ಕನಿಗೆ ಒಯ್ದು, ಮೇಲೆ ಒದ್ದೆ ಬಟ್ಟೆ ಹಾಕಿ, ಚೀಲಕ್ಕೆ ನಿಧಾನವಾಗಿ ಬಗ್ಗಿಸುತ್ತೇನೆ. ಬರೀ ಮರದ ಹೊಟ್ಟಾದರೆ ಗೊಬ್ಬರದ ಡಬ್ಬಿಗೆ ಸ್ವಲ್ಪ ಸ್ವಲ್ಪವೇ ಸೇರಿಸಬಹುದು. ಎಂಡಿಎಫ್, ಪ್ಲೈವುಡ್ ಬೆರೆತದ್ದನ್ನು ಗಿಡದ ಹತ್ತಿರ ತರುವುದಿಲ್ಲ, ಬಿಗಿಯಾಗಿ ಕಟ್ಟಿ ಒಣ ಕಸಕ್ಕೆ ಕೊಡುತ್ತೇನೆ.