ನಾಳೆಯ ವಿಮಾನಕ್ಕೆ ಇವತ್ತು ಟಿಕೆಟ್: ಮೈಸೂರಿನ ಸರಸ್ವತಿಪುರಂನ ಪುಟ್ಟ ಟ್ರಾವೆಲ್ಸ್ ಅಂಗಡಿ

ದೆಹಲಿಯಲ್ಲಿ ಭಾವನಿಗೆ ದಿಢೀರ್ ಆಪರೇಷನ್. ಮರುದಿನವೇ ಹೊರಡಬೇಕಿತ್ತು. ಮೊಬೈಲ್ ಆ್ಯಪ್ ಒಂದರಲ್ಲಿ ಮೊದಲು ತೋರಿಸಿದ ರೇಟೇ ಬೇರೆ. ದುಡ್ಡು ಕಟ್ಟುವ ಹೊತ್ತಿಗೆ ಕನ್ವೀನಿಯನ್ಸ್ ಫೀಸು, ಸೀಟಿನ ಚಾರ್ಜು, ನಾನು ಕೇಳದ ಇನ್ಶೂರೆನ್ಸು ಎಲ್ಲಾ ಬಂದು ಕೂತಿದ್ದವು! ಸುಮ್ನೆ ಅಂಗಡಿಗೇ ಹೋದೆ.

ಅಲ್ಲಿನ ಹುಡುಗ ಮೊದಲು ಕೇಳಿದ್ದು, "ಲಗೇಜ್ ಎಷ್ಟಿದೆ ಅಕ್ಕಾ?" ಒಂದೇ ಕೈಚೀಲ, 7 ಕೆಜಿ ಒಳಗೆ ಅಂದೆ. ಬೆಳಗಿನ ಜಾವದ ವಿಮಾನ ಅಗ್ಗವಿತ್ತು. ಆದರೆ, "ರಾತ್ರಿ ಮೈಸೂರಿಂದ ದೇವನಹಳ್ಳಿಗೆ ಟ್ಯಾಕ್ಸಿ ಮಾಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ, ಅಲ್ವಾ?" ಎಂದು ಪೆನ್ನಲ್ಲಿ ಲೆಕ್ಕ ಬರೆದು ತೋರಿಸಿದ. ಮೈಸೂರಿಂದ ಏರ್‌ಪೋರ್ಟಿಗೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಸಮಯಕ್ಕೆ ಹೊಂದುವ ಮಧ್ಯಾಹ್ನದ ಟಿಕೆಟ್ಟೇ ಒಟ್ಟಿನಲ್ಲಿ ಕಮ್ಮಿಯಾಯಿತು. ವೆಬ್ ಚೆಕ್-ಇನ್ ಕೂಡ ಅವನೇ ಮಾಡಿಕೊಟ್ಟ. ಸರ್ವಿಸ್ ಚಾರ್ಜ್ ಇದೆ, ಜಾಸ್ತಿ ಅನ್ನಿಸಲಿಲ್ಲ. ರಸೀದಿ ಮಾತ್ರ ನೀವೇ ಕೇಳಿ ಪಡೆಯಬೇಕು.