ಮಜ್ಜಿಗೆ ಹುಲ್ಲಿನ ಅರ್ಕ: ಮೂರು ಪಾತ್ರೆ, ಒಂದೇ ಹುಲ್ಲು

ನಮ್ಮ ಹಿತ್ತಲಿನ ಧರೆಯುದ್ದಕ್ಕೂ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್, ಇದೆ. ಮಳೆಗೆ ಮಣ್ಣು ಜರಿಯದಿರಲಿ ಎಂದು ಅಜ್ಜ ನೆಟ್ಟದ್ದು. ಕಷಾಯಕ್ಕೆ ನಾಲ್ಕು ಎಲೆ, ಮಜ್ಜಿಗೆಗೆ ಎರಡು ಎಲೆ ಕೊಯ್ದರೆ ಮುಗಿಯಿತು, ಉಳಿದದ್ದೆಲ್ಲ ಅಲ್ಲೇ ಒಣಗುತ್ತಿತ್ತು. ಎರಡು ವರ್ಷದಿಂದ ಅದನ್ನು ಭಟ್ಟಿ ಇಳಿಸಿ ಅರ್ಕ ತೆಗೆಯುತ್ತಿದ್ದೇನೆ. ಕುಡಿಯುವುದಕ್ಕಲ್ಲ. ನೆಲ ಒರೆಸುವ ನೀರಿಗೆ, ದೇವರ ಕೋಣೆಗೆ ಚಿಮುಕಿಸುವುದಕ್ಕೆ, ಸ್ನಾನದ ನೀರಿಗೆ.

ಭಟ್ಟಿ ಎಂದರೆ ಶಿರಸಿ ಕಡೆ ಜನ ಈಗಲೂ ಒಮ್ಮೆ ತಿರುಗಿ ನೋಡುತ್ತಾರೆ. ಒಲೆಯ ಮೇಲೆ ತಾಮ್ರದ ಕೊಳವೆ ಸುರುಳಿ ಸುತ್ತಿ ಕುಳಿತದ್ದನ್ನು ಕಂಡು ದೊಡ್ಡಾಯಿ ಬಾಗಿಲಲ್ಲೇ ನಿಂತು, "ಇದೆಂತದೋ ತಮಾ, ಭಟ್ಟಿ ಹಾಕಿದ್ಯನೋ?" ಎಂದು ಕೇಳಿದ್ದಳು. ಪರವಾನಗಿ ಇಲ್ಲದೆ ಮದ್ಯ ಇಳಿಸುವುದು ಅಪರಾಧ. ನಾನು ಮಾಡುವುದು ಓಮದ ಅರ್ಕದ ಜಾತಿಯ ಕೆಲಸ: ನೀರು, ಹುಲ್ಲು, ಹಬೆ, ಇಷ್ಟೇ. ಅವಳ ಮೂಗು ನಮ್ಮ ಮನೆಯಲ್ಲೇ ಚುರುಕು. ಹಾಗಾಗಿ ಮುಂದೆ ಬರುವ ಪರೀಕ್ಷೆಗಳಿಗೆಲ್ಲ ಅವಳನ್ನೇ ಕೂರಿಸಿದೆ.

ಮೂರು ಪಾತ್ರೆಗಳಲ್ಲಿ ಮಾಡಿ ನೋಡಿದೆ. ಪ್ರತಿ ಸಲ ಒಂದೇ ಸಾಲಿನ ಹುಲ್ಲು, ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಒಂದು ದಿನ ನೆರಳಲ್ಲಿ ಬಾಡಿಸಿ, ಎರಡು ಬೆರಳು ಉದ್ದಕ್ಕೆ ಕತ್ತರಿಸಿದ್ದು. ಬಾಡಿಸಿದ ಮೇಲೆ ತೂಗಿ ಒಂದೂವರೆ ಕಿಲೋ. ಬಾಡಿದ ಹುಲ್ಲು ಪಾತ್ರೆಯಲ್ಲಿ ಹೆಚ್ಚು ಹಿಡಿಯುತ್ತದೆ, ಅದರ ಎಣ್ಣೆ ಹಾಗೆಲ್ಲ ಹಾರಿಹೋಗುವುದಿಲ್ಲ. ಬಿಸಿಲಲ್ಲಿ ಮಾತ್ರ ಹರಡಬಾರದು.

ಮೊದಲನೆಯದು ಎಲ್ಲರ ಮನೆಯಲ್ಲೂ ಆಗುವಂಥದ್ದು. ದೊಡ್ಡ ಸ್ಟೀಲ್ ಪಾತ್ರೆಗೆ ನೀರು ಮತ್ತು ಹುಲ್ಲು ಹಾಕಿ, ನಡುವೆ ಕಲ್ಲಿನ ಮೇಲೆ ಒಂದು ಬಟ್ಟಲು ಇಟ್ಟು, ಮುಚ್ಚಳವನ್ನು ಬೋರಲು ಮುಚ್ಚಿ ಅದರ ಮೇಲೆ ಐಸ್ ಹೇರುವುದು. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಎರಡು ತಾಸಿಗೆ 400 ಮಿಲಿ ಸಿಕ್ಕಿತು, ಅಷ್ಟರಲ್ಲಿ ಫ್ರಿಜ್ಜಿನ ಐಸೆಲ್ಲ ಖಾಲಿ. ದೊಡ್ಡಾಯಿ ಮೂಸಿ, "ಹುಲ್ಲಿನ ಪರಿಮಳ ಇಲ್ಲೆ, ಬೇಯ್ಸಿದ ಸೊಪ್ಪಿನ ವಾಸನೆ ಇದ್ದು" ಎಂದಳು. ಅವಳು ಹೇಳಿದ್ದು ಸರಿ. ಹುಲ್ಲು ನೀರಲ್ಲಿ ಕುದಿಯುತ್ತಿರುತ್ತದೆ, ಇಳಿದ ಅರ್ಕವೂ ಅದೇ ಹಬೆಯ ನಡುವೆ ಬಿಸಿಬಿಸಿಯಾಗಿ ಕುಳಿತಿರುತ್ತದೆ. ಮೊದಲು ಬಂದ ಒಳ್ಳೆಯ ಪರಿಮಳ ಬಟ್ಟಲಿನಿಂದಲೇ ಮತ್ತೆ ಹಬೆಯಾಗಿ ಸಂದಿಗಳಲ್ಲಿ ಸೋರಿಹೋಗುತ್ತದೆ. ಅರ್ಕ ಅಂದರೆ ಏನು ಎಂದು ಮಕ್ಕಳಿಗೆ ತೋರಿಸಲು ಈ ವಿಧಾನ ಸಾಕು. ಬಾಟಲಿ ತುಂಬಿ ಇಟ್ಟುಕೊಳ್ಳಲು ಸಾಲದು.

ಎರಡನೆಯದು 10 ಲೀಟರಿನ ಸ್ಟೀಲ್ ಕುಕ್ಕರ್. ಸೀಟಿ ತೆಗೆದು, ಆ ಜಾಗಕ್ಕೆ ಫ್ರಿಜ್ ರಿಪೇರಿ ಅಂಗಡಿಯಿಂದ ತಂದ ಎರಡು ಮೀಟರ್ ತಾಮ್ರದ ಕೊಳವೆ ಕೂರಿಸಿ, ಅದನ್ನು 15 ಲೀಟರ್ ಬಕೆಟ್ಟಿನ ನೀರಲ್ಲಿ ಸುರುಳಿಯಾಗಿ ಇಳಿಸಿದೆ. ಕೊಳವೆ ಮತ್ತು ಬೆಸುಗೆಗೆ ಆದ ಖರ್ಚು 1,800 ರೂಪಾಯಿ. ಹುಲ್ಲು ನೀರಿಗೆ ತಾಗದ ಹಾಗೆ ತಳದಲ್ಲಿ ಇಡ್ಲಿ ತಟ್ಟೆ ಬೋರಲು ಹಾಕಿದೆ. ಈ ಒಂದು ಬದಲಾವಣೆಯಿಂದಲೇ ಬೇಯಿಸಿದ ವಾಸನೆ ಅರ್ಧಕ್ಕಿಂತ ಕಡಿಮೆಯಾಯಿತು.

ಕುಕ್ಕರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಳವೆಯ ಬಾಯಿಗೆ ಹುಲ್ಲಿನ ಚೂರು ಸಿಕ್ಕಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಮೂರನೇ ಸಲ ನನಗೆ ಹಾಗೇ ಆಯಿತು. ಹನಿ ಬೀಳುವುದು ನಿಂತಿತು, ನಾನು ಬೆಂಕಿ ಸಾಲದೆಂದು ಇನ್ನೂ ಏರಿಸಿದೆ, ಸುರಕ್ಷಾ ವಾಲ್ವ್ ಒಡೆದು ಹಬೆ ಮಾಡಿಗೆ ಹೊಡೆಯಿತು. ಆ ವಾಲ್ವ್ ಇರದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಮೈ ನಡುಗುತ್ತದೆ. ಅದನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಹುಲ್ಲನ್ನು ಮುಕ್ಕಾಲಿಗಿಂತ ಮೇಲೆ ತುಂಬಬೇಡಿ, ಒತ್ತಬೇಡಿ, ಮೇಲೊಂದು ಜಾಲರಿ ಇಡಿ. ಹನಿ ನಿಂತರೆ ಮೊದಲು ಬೆಂಕಿ ಆರಿಸಿ. ರಬ್ಬರ್ ಗ್ಯಾಸ್ಕೆಟ್ಟಿನ ವಾಸನೆಯೂ ಅರ್ಕಕ್ಕೆ ಹತ್ತುತ್ತದೆ. ಈ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆದ್ದರಿಂದ ಸಿಲಿಕಾನ್ ಗ್ಯಾಸ್ಕೆಟ್ ಹಾಕಿಸಿ, ಮೊದಲೆರಡು ಸಲ ಬರೀ ನೀರು ಇಳಿಸಿ ಚೆಲ್ಲಿದೆ.

ಮೂರನೆಯದು ಮನೆಯ ಅಟ್ಟದಲ್ಲಿದ್ದ 20 ಲೀಟರಿನ ತಾಮ್ರದ ಹಂಡೆ. ಒಳಗೆ ಕಲಾಯಿ ಮಾಡಿಸಿ, ತಾಮ್ರದ ತಲೆ ಕಟ್ಟಿಸಿ, ಐದು ಮೀಟರ್ ಕೊಳವೆ ಜೋಡಿಸಿದೆ. ಎಲ್ಲ ಸೇರಿ ಸುಮಾರು 7,000 ರೂಪಾಯಿ ಆಯಿತು. ಬೆಸುಗೆಗೆ ಸೀಸ ಬೇಡ ಎಂದು ಎರಡು ಸಲ ಹೇಳಿ ಬೆಳ್ಳಿ ಬೆಸುಗೆ ಹಾಕಿಸಿದೆ. ತಲೆ ಮತ್ತು ಹಂಡೆಯ ಸಂದಿಗೆ ಗೋದಿ ಹಿಟ್ಟಿನ ಕಣಕ ಮೆತ್ತುತ್ತೇನೆ. ಕೊಳವೆ ಕಟ್ಟಿಕೊಂಡರೆ ಮೊದಲು ಬಿಡುವುದು ಆ ಕಣಕ, ಈ ಕಾರಣಕ್ಕೇ ಕುಕ್ಕರಿಗಿಂತ ಹಂಡೆಯ ಪಕ್ಕ ನಿಲ್ಲಲು ನನಗೆ ಧೈರ್ಯ ಹೆಚ್ಚು. ಉತ್ತರದ ಕನೌಜಿನಲ್ಲಿ ಅತ್ತರು ಇಳಿಸುವವರೂ ತಾಮ್ರದ ಪಾತ್ರೆಯ ಬಾಯಿಯನ್ನು ಜೇಡಿಮಣ್ಣು ಮೆತ್ತಿಯೇ ಮುಚ್ಚುತ್ತಾರೆ.

ಹಂಡೆಯ ಅರ್ಕ ಮೂಸಿದ ದೊಡ್ಡಾಯಿ ಹೆಚ್ಚೇನೂ ಹೇಳಲಿಲ್ಲ, ಇನ್ನೊಮ್ಮೆ ಮೂಸಿದಳು. ಕುಕ್ಕರಿನದಕ್ಕಿಂತ ಸ್ವಚ್ಛ, ಎಲೆ ತಿಕ್ಕಿದಾಗ ಬರುವ ಪರಿಮಳಕ್ಕೆ ಹತ್ತಿರ. ಅರ್ಕದ ಮೇಲೆ ತೇಲುವ ಎಣ್ಣೆಯೂ ಕುಕ್ಕರಿನಲ್ಲಿ 3 ಮಿಲಿ ಬಂದದ್ದು ಹಂಡೆಯಲ್ಲಿ 4 ಮಿಲಿಗೂ ಮೇಲೆ ಬಂತು. ತಾಮ್ರದ್ದೇ ಗುಣ ಎಂದು ನಾನು ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ಬಂದೆ.

ಆಮೇಲೆ ಯೋಚನೆ ಹತ್ತಿತು. ಹಂಡೆಯ ಒಳಮೈಗೆ ತವರದ ಕಲಾಯಿ ಇದೆ, ಹಬೆ ಅಲ್ಲಿ ತಾಮ್ರವನ್ನು ಮುಟ್ಟುವುದೇ ಇಲ್ಲ. ಸೊಪ್ಪು ಬೇಯುವಾಗ ಏಳುವ ಗಂಧಕದ ವಾಸನೆಯನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಹೆಚ್ಚಿನಂಶ ಆ ಕೆಲಸ ಮಾಡುವುದು ಕೊಳವೆ, ಕೊಳವೆ ಎರಡರಲ್ಲೂ ತಾಮ್ರದ್ದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ತಂಪಿನಿಂದ. ಕುಕ್ಕರಿನ ಬಕೆಟ್ಟು ಅರ್ಧ ತಾಸಿಗೆ ಬಿಸಿಯಾಗುತ್ತಿತ್ತು, ಕೊಳವೆಯ ತುದಿಯಲ್ಲಿ ಅರ್ಕ ಕೈ ಸುಡುವಷ್ಟು ಬಿಸಿಯಾಗಿ ಬರುತ್ತಿತ್ತು. ಲೆಕ್ಕ ಹಾಕಿದೆ. ಒಂದು ಕಿಲೋ ಹಬೆ ನೀರಾಗುವಾಗ ಬಿಡುವ ಶಾಖ ಸುಮಾರು 2,260 ಕಿಲೋಜೂಲ್. ಆ ನೀರನ್ನು ಕೈಗೆ ತಂಪಾಗುವವರೆಗೆ ಇಳಿಸುವ ಶಾಖವೂ ಅದಕ್ಕೆ ಸೇರುತ್ತದೆ. ತಂಪಿನ ನೀರು 30 ಡಿಗ್ರಿ ಬಿಸಿಯಾಗಬಹುದು ಎಂದಿಟ್ಟುಕೊಂಡರೂ ಒಂದು ಲೀಟರ್ ಅರ್ಕಕ್ಕೆ ಹತ್ತಿರ ಹತ್ತಿರ 20 ಲೀಟರ್ ತಣ್ಣೀರು ಬೇಕು. ನಾನು 15 ಲೀಟರ್ ನಿಂತ ನೀರಲ್ಲಿ ಒಂದು ಲೀಟರ್ ಇಳಿಸುತ್ತಿದ್ದೆ. ಹಂಡೆಯ ಕೊಳವೆ ಇದ್ದದ್ದು ಡ್ರಮ್ಮಿನಲ್ಲಿ, ಅದಕ್ಕೆ ಗುಡ್ಡದಿಂದ ಇಳಿಯುವ ಅಬ್ಬಿ ನೀರು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬರುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಕೊಳವೆ ಅದಲುಬದಲು ಮಾಡಿದೆ. ಕುಕ್ಕರಿಗೆ ಐದು ಮೀಟರ್ ಕೊಳವೆ, ಅಬ್ಬಿ ನೀರು. ನೀರನ್ನು ಡ್ರಮ್ಮಿನ ತಳಕ್ಕೆ ಬಿಟ್ಟು, ಬಿಸಿಯಾದದ್ದು ಮೇಲಿನಿಂದ ತೋಟಕ್ಕೆ ಹೋಗುವ ಹಾಗೆ ಕೊಟ್ಟೆ. ಮೇಲಿನಿಂದ ಬಿಟ್ಟರೆ ತಣ್ಣೀರು ಸುರುಳಿಯ ತುದಿಗೆ ತಲುಪುವ ಮೊದಲೇ ಬಿಸಿನೀರಿನೊಡನೆ ಬೆರೆತುಬಿಡುತ್ತದೆ. ಅರ್ಕ ತಣ್ಣಗೆ ಬಂತು. ಎರಡು ಬಾಟಲಿ ಕೊಟ್ಟಾಗ ದೊಡ್ಡಾಯಿಗೆ ಕುಕ್ಕರಿನದ್ಯಾವುದು, ಹಂಡೆಯದ್ಯಾವುದು ಎಂದು ಗೊತ್ತಾಗಲಿಲ್ಲ. ಮೂರು ಸಲ ಕೊಟ್ಟೆ, ಮೂರು ಸಲವೂ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಅದೇ ಕುಕ್ಕರ್, ಅದೇ ಉದ್ದದ ಕೊಳವೆ ಹೊತ್ತು ಕುಮಟಾದ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ತಾರಸಿಯ ಟ್ಯಾಂಕಿನ ನೀರು ಮಧ್ಯಾಹ್ನ ಉಗುರುಬೆಚ್ಚಗೇ ಇಳಿಯುತ್ತದೆ. ಅರ್ಕ ಮತ್ತೆ ಮಂಕು. ಮರುದಿನ ಬೆಳಗಿನ ಜಾವ ಬಾವಿಯಿಂದ ಸೇದಿದ ನೀರು ಹೊಯ್ದು ಇಳಿಸಿದಾಗ ಸುಧಾರಿಸಿತು. ಕರಾವಳಿಯವರು ಪಾತ್ರೆಗೆ ಹಾಕುವ ದುಡ್ಡಲ್ಲಿ ಅರ್ಧವನ್ನು ಉದ್ದ ಕೊಳವೆಗೆ ಹಾಕಿ, ಬೆಳಗಿನ ಹೊತ್ತು ಆರಿಸಿಕೊಳ್ಳುವುದು ಒಳ್ಳೆಯದು.

ಬೆಂಕಿಯದ್ದೂ ಹೀಗೇ. ಅಡಿಕೆ ಸಿಪ್ಪೆ ಧಗಧಗ ಉರಿಸಿದರೆ ಹಂಡೆ ಉಕ್ಕಿ, ಕೊಳವೆಯಲ್ಲಿ ಹಸಿರು ನೀರು ಬರುತ್ತದೆ. ಅದು ಅರ್ಕವಲ್ಲ, ಕಷಾಯ. ಹನಿ ಎಣಿಸುವ ಹಾಗೆ ಶುರುವಾಗಿ, ತೆಳು ಎಳೆಯಾಗಿ ನಿಲ್ಲಬೇಕು. ಇದಕ್ಕೆ ಗ್ಯಾಸ್ ಮೇಲಿನ ಕುಕ್ಕರೇ ಅನುಕೂಲ. ಹಂಡೆಯ ಒಲೆಯನ್ನು ಬಿಟ್ಟು ಏಳುವ ಹಾಗಿಲ್ಲ. ಒಮ್ಮೆ ತೋಟದ ಕೆಲಸಕ್ಕೆ ಎದ್ದು ಹೋಗಿ, ನೀರು ಬತ್ತಿ, ತಳದ ಕಲಾಯಿ ಕರಗಿ ಗುಂಡುಗುಂಡಾಗಿ ನಿಂತಿತ್ತು. ತವರ 232 ಡಿಗ್ರಿಗೇ ಕರಗುತ್ತದೆ. ಈಗ ಕಲಾಯಿಯವರು ಊರಿಗೆ ಬರುವುದೂ ಅಪರೂಪ.

ಎಣ್ಣೆ ಬೇರ್ಪಡಿಸಲು ಕಿರಿದಾದ ಕತ್ತಿನ ಗಾಜಿನ ಬಾಟಲಿ ಮತ್ತು ಸೂಜಿ ತೆಗೆದ ಸಿರಿಂಜು ಸಾಕು. ಪ್ಲಾಸ್ಟಿಕ್ ಬಾಟಲಿ ಬೇಡ. ಮಜ್ಜಿಗೆ ಹುಲ್ಲಿನ ಎಣ್ಣೆ ನೀರಿಗಿಂತ ಹಗುರ, ಕತ್ತಿನಲ್ಲಿ ಹಳದಿ ಉಂಗುರದ ಹಾಗೆ ನಿಲ್ಲುತ್ತದೆ. ದಾಲ್ಚಿನ್ನಿ ಎಲೆಯದ್ದು ನೀರಿಗಿಂತ ಭಾರ. ಮೊದಲ ಸಲ ಅದು ಮೇಲೆಲ್ಲೂ ಕಾಣದೆ, ಎಣ್ಣೆ ಬರಲೇ ಇಲ್ಲ ಎಂದು ಅರ್ಕವನ್ನೆಲ್ಲ ಸೋಸಿ ತುಂಬುವಾಗ ತಳದಲ್ಲಿ ಕಂಡಿತು. ಲಾವಂಚದ ಬೇರಿಗೆ ಈ ಮೂರರಲ್ಲಿ ಯಾವುದೂ ಆಗುವುದಿಲ್ಲ. ಅದರ ಎಣ್ಣೆ ಮಂದ, ತೂಕದಲ್ಲಿ ನೀರಿನ ಹತ್ತಿರ, ಇಳಿಯಲು ಇಡೀ ದಿನ ಬೆಂಕಿ ಬೇಕು. ನಾನು ಆರು ತಾಸು ಕಾದು ಪರಿಮಳದ ನೀರು ಮಾತ್ರ ಪಡೆದೆ. ಅದೂ ಚೆನ್ನಾಗಿಯೇ ಇತ್ತು.

ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ಈಗ ಹೇಳುವುದು ಇದು: ಸ್ಟೀಲ್ ಕುಕ್ಕರ್, ಜಾಲರಿ, ಐದು ಮೀಟರ್ ತಾಮ್ರದ ಕೊಳವೆ, ಹರಿಯುವ ನೀರು. ಮನೆಯಲ್ಲಿ ಹಳೆಯ ಹಂಡೆ ಇದ್ದರೆ, ಒಲೆಯ ಪಕ್ಕ ಕೂರಲು ಪುರುಸೊತ್ತಿದ್ದರೆ, ಹಂಡೆ. ಹೊಸ ತಾಮ್ರದ ಪಾತ್ರೆಯನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ನಮ್ಮ ಹಂಡೆ ಸದ್ಯ ಕಲಾಯಿಗಾಗಿ ಕಾಯುತ್ತ ಜಗಲಿಯ ಮೂಲೆಯಲ್ಲಿದೆ. ಬಾಡಿಸಲು ಹರಡಿದ ದಾಲ್ಚಿನ್ನಿ ಎಲೆಯನ್ನು ನಾಳೆ ಬೆಳಿಗ್ಗೆ ಕುಕ್ಕರಿಗೇ ತುಂಬುತ್ತೇನೆ.