ಹೆಸರಿಲ್ಲದ ಟಿವಿ ಟ್ಯೂನರ್ ಕಾರ್ಡ್: ಶಿರಸಿಯಲ್ಲಿ ಕೊಂಡದ್ದು, ಕಾರವಾರದಲ್ಲಿ ಲಿನಕ್ಸ್‌ಗೆ ಒಗ್ಗಿಸಿದ್ದು

ಶಿರಸಿಯ ಹಳೆ ಬಸ್ ನಿಲ್ದಾಣದ ಸಮೀಪ ಕಂಪ್ಯೂಟರಿನ ಹಳೆಯ ಬಿಡಿಭಾಗಗಳನ್ನು ಮಾರುವ ಚಿಕ್ಕ ಅಂಗಡಿಯೊಂದರಲ್ಲಿ, ಕಳೆದ ಮಳೆಗಾಲದ ಆರಂಭಕ್ಕೆ, 350 ರೂಪಾಯಿ ಕೊಟ್ಟು ಒಂದು ಪಿಸಿಐ ಟಿವಿ ಟ್ಯೂನರ್ ಕಾರ್ಡ್, ಎಂದರೆ ಕಂಪ್ಯೂಟರಿನೊಳಗಿನ ಪಿಸಿಐ ಸ್ಲಾಟಿಗೆ ಸಿಕ್ಕಿಸಿ ಟಿವಿ ಚಿತ್ರ ಪಡೆಯುವ ಕಾರ್ಡ್, ಕೊಂಡೆ. ಡಬ್ಬಿಯ ಮೇಲಾಗಲಿ ಕಾರ್ಡಿನ ಮೇಲಾಗಲಿ ತಯಾರಕರ ಹೆಸರಿರಲಿಲ್ಲ. ಜೊತೆಗಿದ್ದ ಸಿಡಿಯಲ್ಲಿ ವಿಂಡೋಸ್ ಎಕ್ಸ್‌ಪಿಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮಾತ್ರ ಇತ್ತು. "ನಡೆದ್ರೆ ಇಟ್ಕಳಿ ಹೆಗಡೇರೆ, ಇಲ್ದಿದ್ರೆ ಮುಂದಿನ ಸಲ ಬರುವಾಗ ವಾಪಸ್ ತಂದ್ಕೊಡಿ" ಎಂದು ಅಂಗಡಿಯವರು ಹೇಳಿದ್ದರು. ಕೊನೆಗೆ ಹಿಂದಿರುಗಿಸುವ ಪ್ರಸಂಗವೇ ಬರಲಿಲ್ಲವಾದರೂ ಆ ಒಂದು ಮಾತಿನ ಧೈರ್ಯದಿಂದಲೇ ನಾನು ಅದನ್ನು ಕೊಂಡದ್ದು.

ಟಿವಿ ನೋಡುವುದು ನನ್ನ ಉದ್ದೇಶವಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಅಪ್ಪಯ್ಯ ನಮ್ಮೂರ ಸುತ್ತಿನ ಬಯಲಾಟಗಳನ್ನು ಚಿತ್ರೀಕರಿಸಿಟ್ಟ ಹನ್ನೊಂದು ವಿಎಚ್‌ಎಸ್ ಕ್ಯಾಸೆಟ್‌ಗಳು ಮನೆಯ ಅಟ್ಟದ ಮೇಲಿವೆ. ಒಂದು ಕ್ಯಾಸೆಟ್ಟಿಗೆ ಮೂರು ತಾಸಿನಂತೆ, ರಾತ್ರಿಯಿಡೀ ನಡೆದ ಒಂದು ಆಟಕ್ಕೆ ಮೂರು ಕ್ಯಾಸೆಟ್‌ಗಳಾದರೂ ಬೇಕು. ಮಲೆನಾಡಿನ ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯತೊಡಗಿದ್ದನ್ನು ಕಂಡ ಮೇಲೆ ಇನ್ನು ತಡ ಮಾಡುವಂತಿಲ್ಲ ಎನಿಸಿತು. ವಿಸಿಆರ್‌ನ ಹಳದಿ ಕಾಂಪೊಸಿಟ್ ತಂತಿಯನ್ನು (ಚಿತ್ರವನ್ನು ಸಾಗಿಸುವ ತಂತಿ) ಕಂಪ್ಯೂಟರಿಗೆ ಹಾಕಲು ಒಂದು ದಾರಿ ಬೇಕಿತ್ತು. ಈ ಬಗೆಯ ಕಾರ್ಡಿನಲ್ಲಿ ಆಂಟೆನಾ ಕಿಂಡಿಯ ಪಕ್ಕದಲ್ಲಿಯೇ ಆ ಕಿಂಡಿಯೂ ಇರುತ್ತದೆ.

ಕಾರವಾರದ ಮನೆಯಲ್ಲಿರುವ ನನ್ನ ಯಂತ್ರ ಹಳೆಯ ಜಿ41 ಮದರ್‌ಬೋರ್ಡಿನದು. ಅದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆಯಾದ ಡೆಬಿಯನ್ 12 ಇದೆ. ಒಂದು ತಿಂಗಳು ಕಪಾಟಿನಲ್ಲಿಟ್ಟಿದ್ದ ಕಾರ್ಡನ್ನು ಸಿಕ್ಕಿಸಿ ಯಂತ್ರ ಚಾಲೂ ಮಾಡಿದಾಗ ಯಾವ ತಂತ್ರಾಂಶವೂ ಅದನ್ನು ಕಾಣಲಿಲ್ಲ. ಊರಿನ ರಿಪೇರಿ ಅಂಗಡಿಯೊಂದಕ್ಕೆ ಒಯ್ದಾಗ, ಕಾರ್ಡ್ ಹೋಗಿದೆ, ಹೋಗಿರದಿದ್ದರೂ ಲಿನಕ್ಸ್‌ನಲ್ಲಿ ಇಂಥವು ನಡೆಯುವುದಿಲ್ಲ, ವಿಂಡೋಸ್ ಹಾಕಿಸಿಕೊಳ್ಳಿ ಎಂಬ ತೀರ್ಪು ಎರಡೇ ನಿಮಿಷದಲ್ಲಿ ಬಂದಿತು. ಎರಡೂ ಮಾತು ಸರಿಯಲ್ಲವೆಂದು ಈಗ ನಿಶ್ಚಯವಾಗಿ ಹೇಳಬಲ್ಲೆ, ಮತ್ತು ಈ ವಿಮರ್ಶೆಯಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ.

'ಕಾರ್ಡ್ ಗುರುತಿಸುತ್ತಿಲ್ಲ' ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಕಾರ್ಡ್ ಪಿಸಿಐ ಬಸ್ಸಿನ (ಸ್ಲಾಟುಗಳನ್ನು ಯಂತ್ರಕ್ಕೆ ಜೋಡಿಸುವ ದತ್ತಾಂಶ ಮಾರ್ಗದ) ಮೇಲೆಯೇ ಕಾಣದಿರುವುದು ಮೊದಲನೆಯದು. ಬಸ್ಸಿನ ಮೇಲೆ ಕಂಡರೂ ಅದು ಯಾವ ಮಾದರಿಯ ಕಾರ್ಡೆಂಬುದು ಡ್ರೈವರಿಗೆ ತಿಳಿಯದಿರುವುದು ಎರಡನೆಯದು. ಎಲ್‌ಎಸ್‌ಪಿಸಿಐ (lspci) ಎಂಬ ಆದೇಶ ಕೊಟ್ಟಾಗ ಬರುವ ಪಟ್ಟಿಯಲ್ಲಿ ಕಾರ್ಡಿನ ಸಾಲು ಇದೆಯೇ ಇಲ್ಲವೇ ಎಂಬುದರಿಂದ ಇವೆರಡನ್ನು ಅರ್ಧ ನಿಮಿಷದಲ್ಲಿ ಬೇರ್ಪಡಿಸಬಹುದು. ಸಾಲೇ ಇಲ್ಲವೆಂದಾದರೆ ತಂತ್ರಾಂಶದಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ; ಕ್ಯಾಬಿನೆಟ್ ಬಿಚ್ಚಬೇಕು.

ನನಗೆ ಎರಡೂ ಕಾಯಿಲೆಗಳು ಒಂದರ ಹಿಂದೆ ಒಂದು ಎದುರಾದವು. ಮೊದಲ ದಿನ ಪಟ್ಟಿಯಲ್ಲಿ ಸಾಲು ಇರಲಿಲ್ಲ. ಕಾರ್ಡನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ, ಸ್ಲಾಟಿನೊಳಗೆ ಕೂರುವ ಹೊಂಬಣ್ಣದ ಹಲ್ಲುಗಳು ಮಂಕಾಗಿ, ಕೆಲವುದರ ಮೇಲೆ ಕಂದು ಚುಕ್ಕೆಗಳು ಮೂಡಿದ್ದವು. ಕಡಲಂಚಿನ ಊರಿನಲ್ಲಿ ಉಪ್ಪುಗಾಳಿಯೂ ಜಡಿಮಳೆಯ ತೇವವೂ ಸೇರಿ ಸೈಕಲ್ಲಿನ ಚೈನಿಗೆ ಮಾಡುವುದನ್ನೇ ಇದಕ್ಕೂ ಮಾಡಿದ್ದವು. ಯಂತ್ರದ ವಿದ್ಯುತ್ ತಂತಿ ಕಿತ್ತು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಮುಟ್ಟಿಸಿ, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿಯ ಹಲ್ಲುಗಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲನೆ ಉಜ್ಜಿದೆ. ಬಿಳಿ ರಬ್ಬರಿನ ತುದಿ ಕಪ್ಪಾಯಿತು, ಹಲ್ಲುಗಳು ಹೊಳೆದವು. ಉದುರಿದ ಪುಡಿಯನ್ನು ಒಣ ಬ್ರಶ್ಶಿನಿಂದ ತೆಗೆದು, ಸ್ಲಾಟಿನ ಧೂಳನ್ನೂ ಕೊಡವಿ, ಪಕ್ಕದ ಇನ್ನೊಂದು ಸ್ಲಾಟಿಗೆ ಕಾರ್ಡನ್ನು ಸಮನಾಗಿ ಒತ್ತಿ ಕೂರಿಸಿ ತಿರುಪು ಬಿಗಿದೆ. ಈ ಸಲ ಪಟ್ಟಿಯಲ್ಲಿ 1131:7130 ಎಂಬ ಗುರುತಿನ ಸಾಲು ಮೂಡಿತು. 1131 ಎಂಬುದು ಫಿಲಿಪ್ಸ್‌ನ ಸಂಕೇತ. 7130 ಎಂಬುದು ಎಸ್‌ಎಎ7130 ಚಿಪ್ಪಿನದು.

ಇಷ್ಟಾದರೂ ಚಿತ್ರ ಬರಲಿಲ್ಲ. ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆದೇಶ ಕೊಟ್ಟಾಗ ಕಾರಣ ಅಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು. ಹೆಸರುವಾಸಿ ಕಾರ್ಡುಗಳಲ್ಲಿ ಈಪ್ರಾಮ್ ಎಂಬ ಸಣ್ಣ ಸ್ಮೃತಿಯ ತುಣುಕೊಂದಿದ್ದು, ಕಾರ್ಡಿನ ಮಾದರಿಯನ್ನು ತಿಳಿಸುವ ಉಪಗುರುತು ಅದರಲ್ಲಿರುತ್ತದೆ. ಅಗ್ಗದ ಕಾರ್ಡುಗಳಲ್ಲಿ ತಯಾರಕರು ಆ ತುಣುಕನ್ನೇ ಕೈಬಿಟ್ಟಿರುತ್ತಾರೆ. ಆಗ ಈ ಸರಣಿಯ ಚಿಪ್ಪುಗಳಿಗೆಲ್ಲ ಬಳಕೆಯಾಗುವ ಎಸ್‌ಎಎ7134 ಎಂಬ ಡ್ರೈವರ್ ಚಿಪ್ಪನ್ನು ಗುರುತಿಸಿದರೂ ಕಾರ್ಡನ್ನು 0 ಸಂಖ್ಯೆಯ 'ಅಪರಿಚಿತ' ವರ್ಗಕ್ಕೆ ಸೇರಿಸಿ, ಟ್ಯೂನರ್ ಇಲ್ಲವೆಂದೂ ಒಂದೇ ಒಂದು ಕಿಂಡಿ ಇದೆಯೆಂದೂ ಭಾವಿಸಿಕೊಳ್ಳುತ್ತದೆ. ಈ ಡ್ರೈವರನ್ನು ಬರೆದವರು, ನಿಮ್ಮ ಕಾರ್ಡಿನ ತಯಾರಕರು ಈಪ್ರಾಮ್‌ನ ಕೆಲವು ಕಾಸುಗಳನ್ನು ಉಳಿಸಿದ್ದಾರೆ ಎಂದು ಸಂದೇಶದಲ್ಲಿಯೇ ಹೇಳಿ, ಅದರ ಕೆಳಗೆ ತಮಗೆ ಗೊತ್ತಿರುವ ಎಲ್ಲ ಕಾರ್ಡುಗಳ ಸಂಖ್ಯೆಗಳನ್ನೂ ಪಟ್ಟಿ ಮಾಡಿದ್ದಾರೆ. ಇಷ್ಟು ಮುಚ್ಚುಮರೆಯಿಲ್ಲದೆ ಕಾರಣವನ್ನೂ ಪರಿಹಾರವನ್ನೂ ಒಟ್ಟಿಗೆ ತಿಳಿಸುವ ದೋಷಸಂದೇಶವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಉಳಿದದ್ದು ಕಾರ್ಡಿಗೆ ಕೈಯಾರೆ ಒಂದು ಹೆಸರು ಕೊಡುವುದು. ಪಟ್ಟಿಯಲ್ಲಿ 3ನೆಯದಾದ ಫ್ಲೈವಿಡಿಯೊ2000 ಇದೇ ಚಿಪ್ಪಿನದಾದ್ದರಿಂದ ಮೊದಲು ಅದನ್ನೇ ಆರಿಸಿದೆ. ಡ್ರೈವರುಗಳ ಆಯ್ಕೆಗಳನ್ನು ಬರೆದಿಡುವ, ಇಟಿಸಿಯೊಳಗಿನ ಮಾಡ್‌ಪ್ರೋಬ್ ಡಾಟ್ ಡಿ (/etc/modprobe.d) ಕಡತಕೋಶದಲ್ಲಿ ಹೊಸ ಕಡತವೊಂದನ್ನು ಮಾಡಿ, ಎಸ್‌ಎಎ7134ಕ್ಕೆ ಕಾರ್ಡ್=3 ಎಂಬ ಆಯ್ಕೆಯ ಒಂದು ಸಾಲನ್ನು ಬರೆದು ಯಂತ್ರವನ್ನು ಪುನಃ ಚಾಲೂ ಮಾಡಿದೆ. ಮರುಚಾಲನೆಯಿಲ್ಲದೆ ಡ್ರೈವರಿನ ಮಾಡ್ಯೂಲನ್ನಷ್ಟೇ ಇಳಿಸಿ ಏರಿಸಲೂ ಬರುತ್ತದೆ, ಆದರೆ ಯಾವುದಾದರೂ ತಂತ್ರಾಂಶ ಸಾಧನವನ್ನು ತೆರೆದಿಟ್ಟುಕೊಂಡಿದ್ದರೆ ಅದು ಇಳಿಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈಪ್ರಾಮ್ ಇದ್ದೂ ಪಟ್ಟಿಯಲ್ಲಿಲ್ಲದ ಕಾರ್ಡಿಗೆ ಹೀಗೆ ಸಂಖ್ಯೆಗಳನ್ನು ಹಾಕಿ ನೋಡುವುದರಿಂದ ಕಾರ್ಡಿಗೆ ಹಾನಿಯಾಗಬಹುದೆಂದು ಡ್ರೈವರೇ ಹೇಳುತ್ತದೆ. ಆದ್ದರಿಂದ ಚಿಪ್ಪಿನ ಮೇಲಿನ ಬರಹವನ್ನೂ ಕಿಂಡಿಗಳ ಸಂಖ್ಯೆಯನ್ನೂ ತಾಳೆ ನೋಡದೆ ಕಂಡಕಂಡ ಸಂಖ್ಯೆಗಳನ್ನು ಹಾಕಬಾರದು.

ಮರುಚಾಲನೆಯ ಬಳಿಕ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಕಾರ್ಡಿನ ವಿಡಿಯೊ0 ಸಾಧನವನ್ನು ತೆರೆದು, ಪದ್ಧತಿಯನ್ನು ಭಾರತದ ಅನಲಾಗ್ ಟಿವಿಯ ಪಾಲ್ ಎಂದಿಟ್ಟು, ಕಿಂಡಿಗಳನ್ನು ಒಂದೊಂದಾಗಿ ಬದಲಿಸುತ್ತ ಹೋದೆ. ಮೂರನೆಯದರಲ್ಲಿ ಕಪ್ಪು ತೆರೆ ಹೋಗಿ, ಪೆಟ್ರೋಮ್ಯಾಕ್ಸ್ ಬೆಳಕಿನ ರಂಗಸ್ಥಳವೂ ಅದರ ಅಂಚಿನಲ್ಲಿ ಕಂಬಳಿ ಹೊದ್ದು ಕೂತ ಮಕ್ಕಳೂ ಕಂಡರು. ಆಯಿಯನ್ನು ಕರೆದು ತೋರಿಸಿದೆ. ಆ ಮಕ್ಕಳಲ್ಲಿ ಇಬ್ಬರನ್ನು ಅವಳು ಹೆಸರು ಹಿಡಿದು ಗುರುತಿಸಿದಳು.

ಚಿತ್ರದ ಗುಣಮಟ್ಟ ಮೆಚ್ಚುವಂಥದು. ಪಾಲ್‌ನ ಪೂರ್ಣ ಅಳತೆಯಾದ 720 x 576, ಸೆಕೆಂಡಿಗೆ 25 ಚೌಕಟ್ಟು, ಎಲ್ಲಿಯೂ ಬಿಡದೆ ಬರುತ್ತದೆ. ಸಂಕುಚಿಸದೆ ಉಳಿಸಿದರೆ ಒಂದು ತಾಸಿಗೆ ಸುಮಾರು 75 ಜಿಬಿ ಬೇಕಾಗುವುದರಿಂದ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಆಗಿಂದಾಗಲೇ ಸಂಕುಚಿಸುತ್ತಿದ್ದೇನೆ. ವೇಷಧಾರಿ ಗಿರಕಿ ಹೊಡೆಯುವಾಗ ಅಂಚುಗಳಲ್ಲಿ ಮೂಡುವ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾರ್ಡಿನ ದೋಷವಲ್ಲ. ಟಿವಿ ಚಿತ್ರ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಸಲಕ್ಕೆ ಬರುವುದರಿಂದ ಅವು ಮೂಡುತ್ತವೆ; ಡಿಇಂಟರ್‌ಲೇಸ್ ಮಾಡಿ ಸರಿಪಡಿಸಿದರೆ ಹೋಗುತ್ತವೆ.

ಧ್ವನಿಯ ವಿಷಯದಲ್ಲಿ ಕಾರ್ಡಿನ ಮಿತಿ ನಿಜವಾದದ್ದು. ಎಸ್‌ಎಎ7134 ಚಿಪ್ಪಿಗೆ ಧ್ವನಿಯನ್ನು ನೇರವಾಗಿ ಯಂತ್ರಕ್ಕೆ ತಲುಪಿಸುವ ಸಾಮರ್ಥ್ಯವಿದೆ, 7130ಕ್ಕೆ ಇಲ್ಲ. ಹೀಗಾಗಿ ವಿಸಿಆರ್‌ನ ಧ್ವನಿಯ ತಂತಿಯನ್ನು ನಾನು ಕಂಪ್ಯೂಟರಿನ ಲೈನ್-ಇನ್ ಕಿಂಡಿಗೇ ಹಾಕಿದೆ. ಕಾರ್ಡಿನ ಗಡಿಯಾರ ಒಂದು, ಧ್ವನಿಯ ಚಿಪ್ಪಿನ ಗಡಿಯಾರ ಇನ್ನೊಂದು; ಎರಡರ ವೇಗ ತುಸು ಬೇರೆ. ಎರಡನೇ ತಾಸಿನ ಹೊತ್ತಿಗೆ ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಅಂತರ ಕಾಣಿಸತೊಡಗಿತು. ಮಾತಿನ ದೃಶ್ಯದಲ್ಲಿ ಗೊತ್ತಾಗದ ಈ ವ್ಯತ್ಯಾಸ ಕುಣಿತದಲ್ಲಿ ಕೂಡಲೇ ಕಣ್ಣಿಗೆ ಚುಚ್ಚುತ್ತದೆ. ಅಂತರ ಬೆಳೆಯದಿರಲೆಂದು ಈಗ ಅರ್ಧ ತಾಸಿಗೊಂದು ಕಡತದಂತೆ ತುಂಡು ಮಾಡಿ ದಾಖಲಿಸುತ್ತಿದ್ದೇನೆ.

ಇದರ ಬದಲು ಯುಎಸ್‌ಬಿಗೆ ಸಿಕ್ಕಿಸಿ ವಿಡಿಯೊ ಪಡೆಯುವ ಈಸಿಕ್ಯಾಪ್ ಸಾಧನ ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ: ಒಂದೇ ಬಗೆಯ ಡಬ್ಬಿಯಲ್ಲಿ ಬೇರೆ ಬೇರೆ ಚಿಪ್ಪುಗಳು ಬರುವುದೇ ಅದರ ತೊಡಕು. ಎಸ್‌ಟಿಕೆ1160 ಇದ್ದರೆ ಲಿನಕ್ಸ್ ತಾನಾಗಿಯೇ ಗುರುತಿಸುತ್ತದೆ. ಬೇರೆ ಕೆಲವಕ್ಕೆ ಕರ್ನೆಲ್ಲಿನಲ್ಲಿ ಡ್ರೈವರೇ ಇಲ್ಲ. ಹೊಸ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಹಳೆಯ ಪಿಸಿಐ ಸ್ಲಾಟ್ ಇರುವುದಿಲ್ಲವಾದ್ದರಿಂದ ಅಂಥ ಯಂತ್ರದವರಿಗೆ ಯುಎಸ್‌ಬಿಯೇ ಗತಿ. ಟಿವಿ ನೋಡುವ ಆಸೆಯಿಂದ ಇದನ್ನು ಕೊಳ್ಳುವುದು ವ್ಯರ್ಥ, ಏಕೆಂದರೆ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಬಹುಪಾಲು ಮುಚ್ಚಿವೆ, ಕೇಬಲ್ಲೂ ಡಿಜಿಟಲ್ ಆಗಿದೆ. ಹಳೆಯ ಯಂತ್ರವೂ ಹಳೆಯ ಕ್ಯಾಸೆಟ್‌ಗಳೂ ಇರುವವರು ಮಾತ್ರ ನಿಸ್ಸಂಕೋಚವಾಗಿ ಕೊಳ್ಳಬಹುದು. ಕೊಳ್ಳುವಾಗ ಚಿಪ್ಪಿನ ಮೇಲಿನ ಬರಹ ಓದಿ, 7134 ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹಲ್ಲುಗಳು ಮಂಕಾಗಿದ್ದರೆ ಹೆದರಬೇಕಿಲ್ಲ.

ಹನ್ನೊಂದರಲ್ಲಿ ಏಳು ಕ್ಯಾಸೆಟ್‌ಗಳು ಮುಗಿದಿವೆ. ಬೂಷ್ಟು ಹಿಡಿದ ಎರಡನ್ನು ವಿಸಿಆರ್‌ನ ಹೆಡ್ಡಿಗೆ ಮೆತ್ತಿಕೊಳ್ಳುವ ಭಯದಿಂದ ಇನ್ನೂ ಹಾಕಿಲ್ಲ. ಕಳೆದ ವಾರ ಶಿರಸಿಗೆ ಹೋದಾಗ ಅದೇ ಅಂಗಡಿಯಲ್ಲಿ ಇಂಥ ಇನ್ನೆರಡು ಕಾರ್ಡುಗಳಿದ್ದವು. ಒಂದರ ಚಿಪ್ಪು ಬಿಟಿ878. ಅದಕ್ಕೆ ಬೇಕಾದ ಡ್ರೈವರ್ ಬಿಟಿಟಿವಿ. ಇನ್ನೊಂದು ನನ್ನದರಂತೆಯೇ 7130. ಅಂಗಡಿಯವರು ಕೇಳಿದ್ದರಿಂದ ಅದರ ಡಬ್ಬಿಯ ಮೇಲೆ 'ಲಿನಕ್ಸ್: ಕಾರ್ಡ್=3 ಹಾಕಿ ನೋಡಿ' ಎಂದು ಬರೆದುಕೊಟ್ಟು ಬಂದಿದ್ದೇನೆ.